ಗಂಟಲುಮಾರಿ ತಡೆಯಲು ರೋಗಿಯನ್ನು ಬೇರೆ ವಾರ್ಡಿನಲ್ಲಿಟ್ಟದ್ದು ಯಾಕೆ ಸಾಲಲಿಲ್ಲ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಅಂಟುಬೇನೆ ಬಂದ ಮಗುವನ್ನು ದೂರ ಇಡುವುದು ಹೊಸದೇನಲ್ಲ. ಸಿಡುಬು, ದಡಾರ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ತಡೆಯುತ್ತಿದ್ದರು. ಆಗ ಈ ಭಾಗ ನಿಜಾಮರ ಸಂಸ್ಥಾನದಲ್ಲಿತ್ತು. 1915ರಲ್ಲಿ ಅಂಟುಬೇನೆಗೆಂದೇ ಹೈದರಾಬಾದಿನಲ್ಲಿ ಒಂದು ಆಸ್ಪತ್ರೆ ಶುರುವಾಯಿತು. ಜನರ ಬಾಯಲ್ಲಿ ಅದು ಕೋರಂಟಿ (ಕ್ವಾರಂಟೈನ್) ದವಾಖಾನೆ. ಈಗಿನ ನಲ್ಲಕುಂಟೆಯ ಫೀವರ್ ಆಸ್ಪತ್ರೆ ಅದೇ.

ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಅಲ್ಲಿಗೆ ಇಂದಿಗೂ ಬರುವ ಬೇನೆ. ಕೆಮ್ಮು, ಸೀನಿನಿಂದ ಹರಡುತ್ತದೆ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟುತ್ತದೆ, ಕೆರೆದರೆ ರಕ್ತ ಬರುತ್ತದೆ. ಕುತ್ತಿಗೆ ಊದಿ ಮಗು ಉಸಿರಿಗೆ ಒದ್ದಾಡುತ್ತದೆ. ಇದಕ್ಕಿಂತ ಜಾಸ್ತಿ ಅಪಾಯ ರೋಗಾಣು ಬಿಡುವ ವಿಷದ್ದು. ಗಂಟಲು ವಾಸಿಯಾಯಿತು ಅನ್ನುವಾಗಲೇ ಹೃದಯ ಕೈಕೊಡಬಹುದು. ಹಾಗಾಗಿ ಮಗು ಗೆಲುವಾಗಿ ಕಂಡಿತೆಂದು ಬೇಗ ಮನೆಗೆ ಕರೆದೊಯ್ಯಬೇಡಿ.

1890ರಲ್ಲಿ ಬೆಹ್ರಿಂಗ್ ಮತ್ತು ಕಿತಾಸಾಟೊ ಎಂಬ ವಿಜ್ಞಾನಿಗಳು ಈ ವಿಷಕ್ಕೆ ಪ್ರತಿವಿಷದ ದಾರಿ ತೋರಿಸಿದರು. ಅದನ್ನು ಇಂದಿಗೂ ಕುದುರೆಯ ರಕ್ತದಿಂದಲೇ ತಯಾರಿಸುತ್ತಾರೆ. ಹೃದಯಕ್ಕೋ ನರಕ್ಕೋ ಆಗಲೇ ಅಂಟಿಕೊಂಡ ವಿಷವನ್ನು ಅದು ಬಿಡಿಸಲಾರದು. ಸಂಶಯ ಬಂದ ಕೂಡಲೇ ಕೊಡಬೇಕು. ಜೊತೆಗೆ ಆಂಟಿಬಯೋಟಿಕ್ ಕೊಡುತ್ತಾರೆ. ಅದು ಮುಗಿದ ಮೇಲೆ 24 ಗಂಟೆ ಅಂತರದ ಎರಡು ಪರೀಕ್ಷೆಯಲ್ಲೂ ರೋಗಾಣು ಕಾಣದಿದ್ದರೆ ಮಾತ್ರ ಬೇರೆ ವಾರ್ಡಿನಿಂದ ಬಿಡುಗಡೆ.

ಇಷ್ಟು ಮಾಡಿದರೂ ಬೇನೆ ಊರು ಬಿಡಲಿಲ್ಲ. ಯಾಕೆಂದರೆ ವಾರ್ಡಿಗೆ ಬರುವ ಮಗು ಅಷ್ಟರಲ್ಲೇ ಮನೆಯಲ್ಲಿ, ಶಾಲೆಯಲ್ಲಿ ಅದನ್ನು ಹಂಚಿರುತ್ತದೆ. ಆಡಿಕೊಂಡಿರುವ ತಮ್ಮನ ಗಂಟಲಲ್ಲೂ ರೋಗಾಣು ಸುಮ್ನೆ ಕೂತಿರಬಹುದು. ಅದಕ್ಕೇ ಮನೆಮಂದಿಗೆಲ್ಲ ಮಾತ್ರೆ, ಲಸಿಕೆ ಎರಡೂ ಬೇಕು. ಇನ್ನೊಂದು ಮಾತು: ತಾಯಿಯನ್ನು ಹೊರಗಿಟ್ಟರೆ ಜನ ಮಗುವನ್ನು ಬಚ್ಚಿಡುತ್ತಾರೆ. ಅವಳಿಗೆ ಮಾಸ್ಕ್ ಕೊಟ್ಟು ಜೊತೆಗಿರಲು ಬಿಡುವುದೇ ಸರಿ.

1978ರಿಂದ ಸರ್ಕಾರಿ ಲಸಿಕೆ ಬಂತು, 1985ರಲ್ಲಿ ಕಾರ್ಯಕ್ರಮ ದೊಡ್ಡದಾಯಿತು. ಕೂಸುಗಳಲ್ಲಿ ಬೇನೆ ಇಳಿಯಿತು. ಈಗ ಐದು ದಾಟಿದ ಮಕ್ಕಳಲ್ಲೇ ಜಾಸ್ತಿ ಕಾಣುತ್ತಿದೆ. ಮೊದಲ ಮೂರು ಡೋಸು 6, 10, 14ನೇ ವಾರಕ್ಕೆ ಆಗುತ್ತವೆ. ತಪ್ಪುವುದು ಒಂದೂವರೆ ವರ್ಷದ್ದು, ಐದು ವರ್ಷದ್ದು. ಅಷ್ಟರಲ್ಲಿ ಅಪ್ಪ ಅಮ್ಮ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿರುತ್ತಾರೆ, ತಾಯಿ ಕಾರ್ಡು ತಾಂಡಾದ ಮನೆಯಲ್ಲೇ ಉಳಿದಿರುತ್ತದೆ. ಕಾರ್ಡಿಲ್ಲದಿದ್ದರೂ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಕೇಳಿ ಹಾಕಿಸಿ. ಏಳು ವರ್ಷದೊಳಗಿನವರಿಗೆ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಲಸಿಕೆ), ಅದಕ್ಕಿಂತ ದೊಡ್ಡವರಿಗೆ ಟಿಡಿ (ಧನುರ್ವಾಯು, ಗಂಟಲುಮಾರಿ ಎರಡಕ್ಕೆ). 10 ಮತ್ತು 16ನೇ ವರ್ಷಕ್ಕೆ ಟಿಡಿ ಮತ್ತೆ ಬೇಕು.