ಕಾಲಿಗೆ ತಾನೇ ಹೊಡೆದಿದ್ದು, ಅದರಲ್ಲೇನು ತಪ್ಪು?

ಪ್ರಶ್ನೆ: ಸರ್, ಸ್ಥಳ ಮಹಜರಿಗೆ ಕರೆದುಕೊಂಡು ಹೋದಾಗ ಆರೋಪಿ ಓಡಿಹೋಗಲು ನೋಡಿದರೆ ಪೊಲೀಸರು ಮೊದಲು ಗಾಳಿಯಲ್ಲಿ, ಆಮೇಲೆ ಕಾಲಿಗೆ ಗುಂಡು ಹಾರಿಸಬಹುದು ಅಂತ ಕಾನೂನೇ ಇದೆಯಂತೆ. ಕಾಲಿಗೆ ಹೊಡೆದರೆ ಕೇಸ್ ಆಗಲ್ಲ, ಎದೆಗೆ ಹೊಡೆದರೆ ಮಾತ್ರ ಕೇಸ್ ಅಂತಾರೆ. ನಿಜಾನಾ?
(ಚಿಂತಾಮಣಿಯ ಓದುಗರೊಬ್ಬರು)

ಉತ್ತರ: ನಿಜ ಅಲ್ಲ. ಅಂಥ ಕಾನೂನು ಎಲ್ಲೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಮಾಲೂರಿನಿಂದಲೋ ಶಿರಾದಿಂದಲೋ ಬರುತ್ತದೆ. ಕೋರ್ಟ್ ಎದುರಿನ ಟೀ ಅಂಗಡಿಯಲ್ಲೂ ಇದಕ್ಕೆ ಉತ್ತರ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಓದುಗರನ್ನು ಬೈದು ಪ್ರಯೋಜನವಿಲ್ಲ. ನಮ್ಮಲ್ಲಿ ಸುದ್ದಿ ಬರೋದೇ ಒಂದೇ ಅಚ್ಚಿನಲ್ಲಿ. ಮಹಜರಿಗೆ ಕರೆದೊಯ್ದರು, ಆರೋಪಿ ಪೇದೆ ಮೇಲೆ ಹಲ್ಲೆ ಮಾಡಿದ, ಪಿಎಸ್‌ಐ ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರು, ಕೇಳಲಿಲ್ಲ, ಕಾಲಿಗೆ ಗುಂಡು, ಇಬ್ಬರೂ ಆಸ್ಪತ್ರೆಗೆ. ಇದನ್ನೇ ವರ್ಷಗಟ್ಟಲೆ ಓದಿದವರಿಗೆ ಗಾಳಿ, ಕಾಲು, ಎದೆ ಅಂತ ಕಾನೂನಿನಲ್ಲೇ ಮೂರು ಮೆಟ್ಟಿಲು ಕಟ್ಟಿಟ್ಟಿದ್ದಾರೆ ಅನ್ನಿಸುವುದು ಸಹಜ.

ಕಾನೂನಿನಲ್ಲಿ ಇರೋದು ಏನು ನೋಡೋಣ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧನ ಹೇಗೆ ಮಾಡಬೇಕು ಅನ್ನೋದು ಅದರ 43ನೇ ಸೆಕ್ಷನ್. ಹಳೆಯ 46. ಬಂಧಿಸುವಾಗ ಬಲವಂತವಾಗಿ ತಡೆದರೆ, ತಪ್ಪಿಸಿಕೊಳ್ಳಲು ನೋಡಿದರೆ, ಅಗತ್ಯವಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು ಅನ್ನುತ್ತದೆ. 'ಅಗತ್ಯವಾದ' ಅನ್ನೋ ಪದವನ್ನು ಎಲ್ಲರೂ ಹಾರಿಸಿಕೊಂಡು ಓದುತ್ತಾರೆ. ಅದರ ಕೆಳಗೇ ಇನ್ನೊಂದು ಸಾಲಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧದ ಆರೋಪ ಇಲ್ಲದವನನ್ನು ಬಂಧಿಸುವ ನೆಪದಲ್ಲಿ ಕೊಲ್ಲುವ ಹಕ್ಕು ಈ ಸೆಕ್ಷನ್ ಯಾರಿಗೂ ಕೊಡುವುದಿಲ್ಲ. ಸರಗಳ್ಳನನ್ನೇ ತೆಗೆದುಕೊಳ್ಳಿ. ಕಿತ್ತುಕೊಂಡು ಓಡಿದ ಅಪರಾಧಕ್ಕೆ, ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಚ್ಚೆಂದರೆ 3 ವರ್ಷ. ಹೆದ್ದಾರಿಯಲ್ಲಿ ರಾತ್ರಿ ಸುಲಿಗೆ ಮಾಡಿದ್ದರೂ 14. ಬೈಕ್ ಬಿಟ್ಟು ರಾಗಿ ಹೊಲದೊಳಗೆ ಓಡುತ್ತಿರುವ ಅಂಥವನನ್ನು, ಓಡಿದ ಅನ್ನೋ ಒಂದೇ ಕಾರಣಕ್ಕೆ ಕೊಲ್ಲುವಂತಿಲ್ಲ.

ಹಾಗಾದರೆ ಕೊಲೆ ಆರೋಪಿಯನ್ನು ಕೊಲ್ಲಬಹುದಾ? ಇಲ್ಲ ಮಾರಾಯ್ರೇ. ಈ ಸಾಲನ್ನು ತಲೆಕೆಳಗು ಮಾಡಿ ಓದಬೇಡಿ ಅಂತ ನನ್ನ ಜೂನಿಯರ್‌ಗಳಿಗೂ ಹೇಳುತ್ತಿರುತ್ತೇನೆ. ಅಲ್ಲಿಯೂ 'ಅಗತ್ಯ' ಅನ್ನೋ ಷರತ್ತು ಹಾಗೇ ಇರುತ್ತದೆ. ಆರೋಪಿ ಅಪರಾಧಿ ಅನ್ನುವ ಕಾರಣಕ್ಕೇ ಅವನನ್ನು ಕೊಲ್ಲುವುದು ಪೊಲೀಸರ ಕರ್ತವ್ಯವಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ ಹೇಳಿದೆ.

ಈಗ ಕಾಲಿನ ವಿಷಯಕ್ಕೆ ಬರೋಣ. ಈ ನಂಬಿಕೆಯಷ್ಟು ಗಟ್ಟಿ ಜೀವ ಬೇರೆ ಯಾವುದಕ್ಕೂ ಇಲ್ಲ.

ಕಾಲಿಗೆ ಹೊಡೆದರೆ ಸಾಯಲ್ಲ ಅಂತ ಯಾರು ಹೇಳಿದ್ದು? ತೊಡೆಯಲ್ಲಿ ದೊಡ್ಡ ರಕ್ತನಾಳ ಇದೆ. ಮಂಡಿಯ ಹಿಂದಕ್ಕೂ ಅದೇ ಇಳಿದು ಹೋಗುತ್ತದೆ. ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ರಕ್ತ ಹೋಗಿ ಸಾಯಬಹುದು. ಘಟನೆ ನಡೆಯೋದು ಸಾಮಾನ್ಯವಾಗಿ ಊರಾಚೆ, ಕೆರೆ ಏರಿ ಮೇಲೋ, ನೀಲಗಿರಿ ತೋಪಿನಲ್ಲೋ, ಬೆಳಗಿನ ಜಾವ. ಅಲ್ಲಿಂದ ಜಿಲ್ಲಾಸ್ಪತ್ರೆಗೆ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಸಾಯದೇ ಉಳಿದರೂ ಮೂಳೆ ಪುಡಿಯಾಗಿ ಕಾಲನ್ನೇ ತೆಗೆಯಬೇಕಾಗಿ ಬರಬಹುದು.

ಇನ್ನು ಗುರಿ. ಓಡುತ್ತಿರುವ ಮನುಷ್ಯನ ದೇಹದಲ್ಲಿ ತುಂಬಾ ಅಲುಗಾಡುವ, ಎದೆಗಿಂತ ಸಣಕಲಾದ ಭಾಗ ಕಾಲು. ಪಿಸ್ತೂಲು ಹಿಡಿದವನಿಗೆ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ, ಬೆಳಕು ಸರಿಯಾಗಿರುವುದಿಲ್ಲ. ಗುಂಡು ಸೊಂಟಕ್ಕೆ ತಗುಲಬಹುದು, ಬಂಡೆಗೆ ಬಡಿದು ತಿರುಗಿ ಸಹೋದ್ಯೋಗಿಗೇ ಬರಬಹುದು. ಅದಕ್ಕೇ ಹಲವು ದೇಶಗಳಲ್ಲಿ ಪೊಲೀಸರಿಗೆ 'ಕಾಲಿಗೆ ಹೊಡಿ' ಅಂತ ಕಲಿಸುವುದೇ ಇಲ್ಲ. ಅಲ್ಲಿನ ಲೆಕ್ಕ ಸರಳ: ಜೀವಕ್ಕೆ ಅಪಾಯ ಇದ್ದರೆ ಮಾತ್ರ ಗುಂಡು, ಇಲ್ಲದಿದ್ದರೆ ಗುಂಡೇ ಬೇಡ. ಬಂದೂಕು ಎಲ್ಲಿಗೆ ಗುರಿಯಿಟ್ಟರೂ ಜೀವ ತೆಗೆಯುವ ಆಯುಧವೇ.

'ಗಾಳಿಯಲ್ಲಿ ಗುಂಡು' ಕೂಡ ಸುಮ್ನೆ ಅಲ್ಲ. ಮೇಲೆ ಹೋದದ್ದು ಎಲ್ಲಾದರೂ ಇಳಿಯಲೇಬೇಕು.

ನನ್ನ ಅಂದಾಜಿನಲ್ಲಿ ಈ ಗೊಂದಲ ಹುಟ್ಟಿದ್ದು ಗುಂಪು ಚದುರಿಸುವ ನಿಯಮಗಳಿಂದ. ಅದು ಬೇರೆಯೇ ಅಧ್ಯಾಯ. ಅಕ್ರಮ ಕೂಟವನ್ನು ಚದುರಿಸಲು ಇದೇ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್ ಪ್ರಕಾರ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್, ನಮ್ಮ ಕಡೆ ಅಂದರೆ ತಹಶೀಲ್ದಾರರು, ಇಲ್ಲವೇ ಠಾಣಾಧಿಕಾರಿ ಆದೇಶ ಕೊಡಬಹುದು. ಮೊದಲು ಎಚ್ಚರಿಕೆ, ಆಮೇಲೆ ಲಾಠಿ, ಅಶ್ರುವಾಯು, ಬೇರೆ ದಾರಿಯೇ ಇಲ್ಲದಿದ್ದರೆ ಗುಂಡು. ಹಾಗೆ ಹಾರಿಸುವಾಗ ಗುರಿ ಕೆಳಗಿರಲಿ ಅಂತ ಪೊಲೀಸ್ ನಿಯಮಗಳು ಹೇಳುತ್ತವೆ. ಜನರ ತಲೆ ಮೇಲಿಂದ ಹಾರಿಸಬೇಡಿ ಅಂತಲೂ ಹಲವು ನಿಯಮಗಳಲ್ಲಿದೆ. ಯಾಕೆಂದರೆ ಗಲಾಟೆ ಮಾಡುವವನು ಮುಂದೆ ನಿಂತಿರುತ್ತಾನೆ, ಸಾಯುವವನು ಹಿಂದೆ ಸೈಕಲ್ ಹಿಡಿದು ನೋಡುತ್ತಾ ನಿಂತಿರುತ್ತಾನೆ. ಈ 'ಕೆಳಗಿನ ಗುರಿ'ಯನ್ನು ಜನ ಒಬ್ಬಂಟಿ ಆರೋಪಿಗೂ ಅಂಟಿಸಿಕೊಂಡರು.

ಗುಂಪಿನ ಮೇಲಿನ ಗುಂಡಿನ ಬಗ್ಗೆ ನಮ್ಮ ಸೀಮೆಗೆ ಪಾಠ ಬೇಕಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರು ಅಂತ ಜನ ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಿರ್ಜಾ-ಪಟೇಲ್ ಒಪ್ಪಂದವಾಗಿ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು. ಆ ಸ್ಮಾರಕ ನೋಡದೇ ಇರುವವರು ಒಮ್ಮೆ ಹೋಗಿ ಬನ್ನಿ.

ಕೇಸ್ ಆಗಲ್ಲ ಅನ್ನೋ ಮಾತಿಗೆ ಬರುತ್ತೇನೆ. 2014ರ ಸೆಪ್ಟೆಂಬರ್‌ನಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್‌ಗಳಿಗೆ 16 ಮಾರ್ಗಸೂಚಿ ಕೊಟ್ಟಿದೆ. ಸಾವಾದರೆ ಎಫ್‌ಐಆರ್ ಆಗಲೇಬೇಕು. ತನಿಖೆಯನ್ನು ಸಿಐಡಿ ಮಾಡಬೇಕು, ಇಲ್ಲವೇ ಬೇರೆ ಠಾಣೆಯ ತಂಡ ಹಿರಿಯ ಅಧಿಕಾರಿಯ ಕೈಕೆಳಗೆ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಗುಂಡು ಹಾರಿಸಿದವರು ತನಿಖೆಗೆ ಬೇಕಾದ ಆಯುಧ ಒಪ್ಪಿಸಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಹೇಳಿಕೆ ದಾಖಲಿಸಬೇಕು. ಘಟನೆಯಾದ ಕೂಡಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ಎನ್‌ಕೌಂಟರ್ ಆದ ಮಧ್ಯಾಹ್ನವೇ ಅಧಿಕಾರಿಗೆ ಹಾರ ಹಾಕಿ ಪಟಾಕಿ ಹೊಡೆಯುವ ನಮ್ಮವರು ಇದನ್ನು ಓದಿಲ್ಲ ಅಂತ ಕಾಣುತ್ತೆ.

ಅದೇ ತೀರ್ಪಿನ ಕೊನೆಗೆ ಇನ್ನೊಂದು ಮಾತಿದೆ, ಅದನ್ನು ಯಾರೂ ಉಲ್ಲೇಖಿಸುವುದಿಲ್ಲ. ತೀವ್ರ ಗಾಯವಾದ ಪ್ರಕರಣಗಳಿಗೂ ಈ ಸೂಚನೆಗಳು ಸಾಧ್ಯವಾದಷ್ಟು ಅನ್ವಯಿಸುತ್ತವೆ. ಮೂಳೆ ಮುರಿದರೆ ಅದು ಕಾನೂನಿನ ಕಣ್ಣಲ್ಲಿ ತೀವ್ರ ಗಾಯವೇ. ಅಂದರೆ ಕಾಲಿಗೆ ಬಿದ್ದ ಗುಂಡಿಗೂ ಲೆಕ್ಕ ಕೊಡಬೇಕು. ಪೊಲೀಸರಿಗೆ ರಕ್ಷಣೆಯೇ ಇಲ್ಲ ಅಂತ ಅಲ್ಲ. ಮಚ್ಚು ಹಿಡಿದು ಮೈಮೇಲೆ ಬಂದವನ ಎದುರು ಪೇದೆಗೂ ನಿಮ್ಮಷ್ಟೇ, ನನ್ನಷ್ಟೇ ಆತ್ಮರಕ್ಷಣೆಯ ಹಕ್ಕಿದೆ. ಆಗ ಗುಂಡು ಎದೆಗೆ ಬಿದ್ದರೂ ಅದು ನ್ಯಾಯವೇ ಆಗಬಹುದು. ಕೈಕೋಳ ಹಾಕಿ ನಿಲ್ಲಿಸಿದವನಿಗೆ ಹೊಡೆದರೆ ಕಾಲಿಗೆ ಬಿದ್ದರೂ ಅಪರಾಧವೇ. ಕೋರ್ಟ್ ಕೇಳೋದು ಗುಂಡು ಎಲ್ಲಿಗೆ ಬಿತ್ತು ಅಂತಲ್ಲ, ಯಾಕೆ ಹಾರಿತು ಅಂತ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಸೇನಾ ನೆಲೆಯ ಗೋಡೆ ಹಾರಿದರೆ ಗುಂಡು ಹಾರಿಸಬಹುದಾ? ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು ಯಲಹಂಕ ವಾಯುನೆಲೆಯ ಗೋಡೆ ನೋಡಿಯೇ ಇರುತ್ತೀರಿ. ಕೆಲವು ಸೇನಾ ಗೋಡೆಗಳ ಮೇಲೆ 'ಅತಿಕ್ರಮ ಪ್ರವೇಶಿಸಿದರೆ ಗುಂಡು ಹಾರಿಸಲಾಗುವುದು' ಅಂತ ಬೋರ್ಡ್ ಇರುತ್ತದೆ. ಅದು ಬೋರ್ಡ್, ಕಾನೂನಲ್ಲ. ಬರೀ ಅತಿಕ್ರಮ ಪ್ರವೇಶ ತಡೆಯಲು ಪ್ರಾಣ ತೆಗೆಯುವಂತಿಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 42ನೇ ಸೆಕ್ಷನ್ ಹೇಳುತ್ತದೆ. ಬೆಂಕಿ, ಸ್ಫೋಟಕ, ರಾತ್ರಿ ಹೊತ್ತು ಕನ್ನ, ಪ್ರಾಣಭಯ ಇಂಥವು ಸೇರಿದರೆ ಮಾತ್ರ ಮಾತು ಬೇರೆ, ಅದು 41ನೇ ಸೆಕ್ಷನ್. ಈಶಾನ್ಯದ ಕೆಲವು ಕಡೆ, ಜಮ್ಮು ಕಾಶ್ಮೀರದಲ್ಲಿ ಇರುವ ಸೇನಾ ವಿಶೇಷಾಧಿಕಾರ ಕಾಯ್ದೆ ಕರ್ನಾಟಕದಲ್ಲಿ ಜಾರಿಯಲ್ಲಿಲ್ಲ.

ಹಾಗಂತ ಗೋಡೆ ಹಾರಲು ಹೋಗಬೇಡಿ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದ ಮೇಲೆ, ಪಶ್ಚಿಮ ವಾಯು ಕಮಾಂಡ್‌ನ ನೆಲೆಗಳಲ್ಲಿ ಗೋಡೆ ಹತ್ತುವವರ ಮೇಲೆ ಕಂಡಲ್ಲಿ ಗುಂಡು ಹಾರಿಸಲು ಆದೇಶವಾಗಿದೆ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ರಾತ್ರಿ ಎರಡು ಗಂಟೆಗೆ ಗೋಡೆ ಮೇಲೆ ಕಂಡ ನೆರಳು ಕುಡಿದು ದಾರಿ ತಪ್ಪಿದವನದೋ, ಬಾಂಬ್ ಕಟ್ಟಿಕೊಂಡವನದೋ ಅಂತ ಕಾವಲು ಸೈನಿಕ ಕ್ಷಣದಲ್ಲಿ ತೀರ್ಮಾನಿಸಬೇಕು. ಅವನಿಗೆ ನಿಜವಾಗಿ ಪ್ರಾಣಭಯ ಆಗಲು ಕಾರಣ ಇತ್ತಾ ಅಂತಲೇ ಆಮೇಲೆ ಕೋರ್ಟ್ ನೋಡುವುದು. 'ಥಮ್' (ನಿಲ್ಲು) ಅಂತ ಕೂಗಿದರೆ ನಿಂತು ಕೈ ಮೇಲೆತ್ತಿ. ಹಿಡಿದರೂ ಕೊನೆಗೆ ಹತ್ತಿರದ ಪೊಲೀಸ್ ಠಾಣೆಗೇ ಒಪ್ಪಿಸುತ್ತಾರೆ.

ಹೈ ಅಲರ್ಟ್ ಘೋಷಿಸಿದರೆ ಈ ಕಾನೂನು ಬದಲಾಗುತ್ತಾ? 2025ರ ಮೇನಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಇದನ್ನೂ ಕೆಲವರು ಕೇಳಿದ್ದರು. ಬದಲಾಗಲ್ಲ. ತಪಾಸಣೆ, ಗುರುತಿನ ಚೀಟಿ, ಕಾವಲು ಜಾಸ್ತಿ ಆಗುತ್ತದೆ ಅಷ್ಟೆ. ಆದರೆ ಫೋಟೊ ವಿಷಯದಲ್ಲಿ ಹುಷಾರು. ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶದಿಂದ ಸೇನಾ ನೆಲೆಯ ನಕ್ಷೆ, ಮಾಹಿತಿ ಸಂಗ್ರಹಿಸಿದರೆ 1923ರ ಅಧಿಕೃತ ರಹಸ್ಯ ಕಾಯ್ದೆಯಲ್ಲಿ 14 ವರ್ಷದವರೆಗೆ ಶಿಕ್ಷೆ ಇದೆ. ನಿಮಗೆ ಅಂಥ ಉದ್ದೇಶ ಇಲ್ಲದಿರಬಹುದು. ಅದನ್ನು ಠಾಣೆಯಲ್ಲಿ ಕೂತು ವಿವರಿಸೋ ಕೆಲಸ ಯಾಕೆ ಬೇಕು?

ನಂದಿ ಬೆಟ್ಟದ ಸುತ್ತ ಮದುವೆ ಫೋಟೊಶೂಟ್‌ಗೆ ಡ್ರೋನ್ ಹಾರಿಸುವ ಹುಡುಗರಿಗೂ ಒಂದು ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯ ಅಂತ ವಿಂಗಡಿಸಿದ್ದಾರೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ತೆಗೆದು ನೋಡಿ. ಯಲಹಂಕದ ವೈಮಾನಿಕ ಪ್ರದರ್ಶನ ಏರೋ ಇಂಡಿಯಾ ನಡೆಯುವ ವರ್ಷವಾದರೆ ಆ ದಿನಗಳಲ್ಲಿ ಬರುವ ಪ್ರತ್ಯೇಕ ನಿಷೇಧದ ಆದೇಶವನ್ನೂ ಓದಿ.