ಸೇಲ್ಸ್ ವಿಳಾಸಕ್ಕೆ ಪಾಸ್‌ವರ್ಡ್ ಬೇಡ, ಏಲಿಯಾಸ್ ಸಾಕು

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಿರಲಿ, ಹುಬ್ಬಳ್ಳಿ ಗೋಕುಲ ರಸ್ತೆಯ ಕಾರ್ಖಾನೆಯಿರಲಿ, ಸೇಲ್ಸ್, ಅಕೌಂಟ್ಸ್ ಎಂಬ ಇಮೇಲ್ ವಿಳಾಸಗಳು ಬೇಕೇ ಬೇಕು. ಅವಕ್ಕೊಂದು ಮೇಲ್‌ಬಾಕ್ಸ್ ತೆರೆದು, ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಬಳಸುವುದು ಅಪಾಯ. ಒಬ್ಬರು ಕೆಲಸ ಬಿಟ್ಟರೆ ಎಲ್ಲರ ಫೋನಿನಲ್ಲೂ ಬದಲಿಸಬೇಕು. ಏಲಿಯಾಸ್‌ಗೆ ಪಾಸ್‌ವರ್ಡೇ ಇಲ್ಲ. ಬಂದ ಮೇಲ್ ಯಾರ್‍ಯಾರಿಗೆ ಹೋಗಬೇಕೆಂದು ಸರ್ವರಿಗೆ ಹೇಳುವ ಒಂದು ಸಾಲು ಅದು.

ಮೇಲ್ ಸರ್ವರ್ ನಡೆಸುವ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಆ ಸಾಲಿಗೆ ಎರಡು ಜಾಗಗಳಿವೆ. ಇಟಿಸಿ ಫೋಲ್ಡರಿನ ಏಲಿಯಾಸಸ್ ಫೈಲಿನಲ್ಲಿ ಎಡಕ್ಕೆ ಬರೀ ಹೆಸರು, ಆಮೇಲೆ ಕೋಲನ್, ಬಲಕ್ಕೆ ಕಾಮಾ ಹಾಕಿ ಬರೆದ ವಿಳಾಸಗಳು. ಉಳಿಸಿದ ಮೇಲೆ ನ್ಯೂಏಲಿಯಾಸಸ್ ಕಮಾಂಡ್ ಕೊಡಬೇಕು. ಇಲ್ಲಿ ಹೆಸರಿಗೆ ಡೊಮೈನ್ (ವಿಳಾಸದಲ್ಲಿ @ ಆದಮೇಲಿನ ಭಾಗ) ಇಲ್ಲದ್ದರಿಂದ, ಒಂದೇ ಸರ್ವರಿನಲ್ಲಿ ಅಣ್ಣನ ಅಂಗಡಿ, ತಮ್ಮನ ಅಂಗಡಿ ಎರಡರ ಡೊಮೈನೂ ಲೋಕಲ್ ಪಟ್ಟಿಯಲ್ಲಿದ್ದರೆ (ಸರ್ವರ್ ತನ್ನದೇ ಎಂದು ಮೇಲ್ ಇಳಿಸಿಕೊಳ್ಳುವ ಡೊಮೈನುಗಳ ಪಟ್ಟಿ) ಇಬ್ಬರ ಸೇಲ್ಸ್ ಮೇಲ್ ಕೂಡ ಒಂದೇ ಕಡೆ ಹೋಗುತ್ತದೆ. ಆಗ ಬೇಕಾಗುವುದು ವರ್ಚುವಲ್ ಫೈಲ್: ಎಡಕ್ಕೆ ಪೂರ್ತಿ ವಿಳಾಸ, ಕೋಲನ್ ಇಲ್ಲ, ಬರೀ ಜಾಗ. ಇದಕ್ಕೆ ಪೋಸ್ಟ್‌ಮ್ಯಾಪ್ ಕಮಾಂಡ್. ಅದನ್ನು ಮರೆತರೆ ಹಳೆಯ ಪಟ್ಟಿಯೇ ನಡೆಯುತ್ತಿರುತ್ತದೆ. ಒಂದೇ ಡೊಮೈನನ್ನು ಲೋಕಲ್ ಪಟ್ಟಿಯಲ್ಲೂ ವರ್ಚುವಲ್ ಏಲಿಯಾಸ್ ಡೊಮೈನ್ ಪಟ್ಟಿಯಲ್ಲೂ ಹಾಕಬೇಡಿ.

ಏನು ಬಂದರೂ ಒಬ್ಬರಿಗೆ ಹೋಗಲಿ ಎಂಬ ಕ್ಯಾಚ್‌ಆಲ್ ಸಾಲನ್ನು ನಾವು ಹಾಕಿಸುವುದಿಲ್ಲ. ಸ್ಪ್ಯಾಮ್ ನುಗ್ಗುತ್ತದೆ, ಜೊತೆಗೆ ಆ ಡೊಮೈನಿನ ವರ್ಚುವಲ್ ಮೇಲ್‌ಬಾಕ್ಸ್‌ಗಳ ಮೇಲನ್ನೂ ಆ ಸಾಲು ನುಂಗುತ್ತದೆ. ಹಾಕಲೇಬೇಕಿದ್ದರೆ ಪ್ರತಿ ಮೇಲ್‌ಬಾಕ್ಸಿಗೂ ಎಡಬಲ ಅದೇ ವಿಳಾಸವಿರುವ ಸಾಲೊಂದನ್ನು ಬರೆಯಿರಿ.

ಹೆಚ್ಚು ಕಾಡುವುದು ಜಿಮೇಲ್‌ಗೆ ತಿರುಗಿಸುವ ಏಲಿಯಾಸ್. ಗಿರಾಕಿ ಕಳಿಸಿದ ಮೇಲ್ ನಿಮ್ಮ ಸರ್ವರಿನಿಂದ ಮುಂದೆ ಹೋಗುವಾಗಲೂ ಲಕೋಟೆಯ ಮೇಲೆ, ಅಂದರೆ ಸರ್ವರುಗಳು ತಮ್ಮೊಳಗೆ ಹೇಳಿಕೊಳ್ಳುವ ಕಳಿಸಿದವರ ಜಾಗದಲ್ಲಿ, ಗಿರಾಕಿಯ ವಿಳಾಸವೇ ಇರುತ್ತದೆ. ಗಿರಾಕಿಯ ಎಸ್‌ಪಿಎಫ್ ದಾಖಲೆಯಲ್ಲಿ (ಅವರ ಡೊಮೈನಿನ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರುಗಳ ಪಟ್ಟಿ) ನಿಮ್ಮ ಸರ್ವರಿನ ಐಪಿ ಇಲ್ಲ. ಹಾಗಾಗಿ ಮೇಲ್ ಸ್ಪ್ಯಾಮಿಗೆ ಬೀಳಬಹುದು, ಇಲ್ಲವೇ ವಾಪಸಾಗಬಹುದು. ಆಗ ಕೊಟೇಶನ್ ಕೇಳಿದವರಿಗೆ ಉತ್ತರವೇ ಹೋಗುವುದಿಲ್ಲ. ಕಳಿಸುವ ಡೊಮೈನ್ ಮೇಲಿಗೆ ಹಾಕುವ ಡಿಕಿಮ್ ಎಂಬ ಡಿಜಿಟಲ್ ಸಹಿ ಇದ್ದರೆ ಅದು ಉಳಿದುಕೊಳ್ಳುತ್ತದೆ, ಆದರೆ ದಾರಿಯಲ್ಲಿ ವಿಷಯದ ಸಾಲಿಗೋ ಕೆಳಗೋ ಏನನ್ನೂ ಸೇರಿಸಬಾರದು. ಏಲಿಯಾಸಸ್ ಫೈಲಿನಲ್ಲಿ ಓನರ್-ಸೇಲ್ಸ್ ಎಂಬ ಇನ್ನೊಂದು ಹೆಸರು ಬರೆದರೆ ಲಕೋಟೆಯ ಮೇಲೆ ನಿಮ್ಮದೇ ವಿಳಾಸ ಬರುತ್ತದೆ, ವಾಪಸಾಗುವ ಮೇಲ್ ಕೂಡ ನಿಮಗೇ ಸಿಗುತ್ತದೆ. ವರ್ಚುವಲ್ ಫೈಲಿಗೆ ಈ ಅನುಕೂಲವಿಲ್ಲ. ಅಲ್ಲಿ ಲಕೋಟೆಯ ವಿಳಾಸವನ್ನು ನಿಮ್ಮ ಡೊಮೈನಿಗೆ ಬದಲಿಸುವ ಪೋಸ್ಟ್‌ಎಸ್‌ಆರ್‌ಎಸ್‌ಡಿ ತಂತ್ರಾಂಶ ಹಾಕಬೇಕು. ಸಾಧ್ಯವಿದ್ದರೆ ಏಲಿಯಾಸ್ ನಿಮ್ಮದೇ ಸರ್ವರಿನ ಮೇಲ್‌ಬಾಕ್ಸಿನಲ್ಲಿ ಮುಗಿಯಲಿ.

ಮೇಲ್ ತೊಂದರೆ ತಿಳಿಸಲು ಹೊರಗಿನವರು ಬಳಸುವ ಪೋಸ್ಟ್‌ಮಾಸ್ಟರ್ ಹೆಸರನ್ನು ಮರೆಯಬೇಡಿ, ಅದು ಕಡ್ಡಾಯ. ಪರೀಕ್ಷೆಯನ್ನು ಹೊರಗಿನ ಬೇರೆ ಖಾತೆಯಿಂದ ಮಾಡಿ. ಏಲಿಯಾಸ್ ಯಾವ ಜಿಮೇಲ್‌ಗೆ ಹೋಗುತ್ತದೋ ಅದರಿಂದಲೇ ಕಳಿಸಿದರೆ ಜಿಮೇಲ್ ಆ ಪ್ರತಿಯನ್ನು ಇನ್‌ಬಾಕ್ಸಿನಲ್ಲಿ ಎರಡನೇ ಸಲ ತೋರಿಸುವುದಿಲ್ಲ, ಸರಿಯಿರುವ ಏಲಿಯಾಸನ್ನೇ ಕೆಟ್ಟಿದೆ ಎಂದುಕೊಳ್ಳುತ್ತೀರಿ.