ಫಿಟ್ಸ್ ಔಷಧಿ ಮಗುವಿಗೆ ಹೆಚ್ಚಾಗುವುದು ಹೇಗೆ?

ಫಿಟ್ಸ್ ಸಿರಪ್ ಹೆಚ್ಚಾಗಿ ಮಗು ಆಸ್ಪತ್ರೆ ಸೇರಿದರೆ ಮೊದಲು ಬೈಸಿಕೊಳ್ಳುವವಳು ತಾಯಿ. ‘ನೋಡಿ ಹಾಕೋದಕ್ಕೆ ಆಗಲಿಲ್ವೇನಮ್ಮಾ?’ ಆದರೆ ಈ ಔಷಧಿಗಳ ಚರಿತ್ರೆ ಓದಿದರೆ, ಎಡವಟ್ಟು ಬಹಳ ಸಲ ಅವಳ ಕೈಗೆ ಬರುವ ಮೊದಲೇ ಶುರುವಾಗಿರುತ್ತದೆ.

1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಫಿನೋಬಾರ್ಬಿಟೋನ್ ಫಿಟ್ಸ್ ತಡೆಯುತ್ತದೆಂದು ಕಂಡುಕೊಂಡರು. ಅದು ಮೂಲತಃ ನಿದ್ದೆಯ ಔಷಧಿ. ಹೆಚ್ಚಾದರೆ ಮಗುವಿನ ಉಸಿರಾಟವೇ ಕುಗ್ಗಬಹುದು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ತೋರಿಸಿಕೊಟ್ಟ ಫೆನಿಟಾಯಿನ್ ಅಷ್ಟು ಮಂಪರು ತರಿಸದೆ ಫಿಟ್ಸ್ ಹಿಡಿದಿಟ್ಟಿತು. ನಮ್ಮಲ್ಲಿ ಅದರ ಬ್ರ್ಯಾಂಡ್ ಹೆಸರು ಎಪ್ಟಾಯಿನ್ ಎಂದರೆ ಎಲ್ಲರಿಗೂ ಗೊತ್ತು.

ಫೆನಿಟಾಯಿನ್‌ಗೆ ಒಂದು ವಿಚಿತ್ರ ಗುಣವಿದೆ. ಅದನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಮಿತಿಯಿದೆ. ಆ ಮಿತಿ ಹತ್ತಿರವಾದಾಗ ಡೋಸ್ ಸ್ವಲ್ಪ ಏರಿಸಿದರೂ ರಕ್ತದಲ್ಲಿ ಔಷಧಿ ಒಮ್ಮೆಲೇ ಏರುತ್ತದೆ. ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಸಾಮಾನ್ಯವಾಗಿ ಹಿತವಾದ ಮಟ್ಟ. ಅದನ್ನು ದಾಟಿದರೆ ಕಣ್ಣುಗುಡ್ಡೆ ಅದುರುತ್ತದೆ, ನಡೆಯುವ ಮಗು ತೂರಾಡುತ್ತದೆ, ಮಾತು ತೊದಲುತ್ತದೆ, ವಾಂತಿಯಾಗುತ್ತದೆ. ಇನ್ನೂ ಏರಿದರೆ ಕೆಲವೊಮ್ಮೆ ಫಿಟ್ಸೇ ಹೆಚ್ಚಾಗಬಹುದು. ನನಗೆ ಅತ್ಯಂತ ಅಪಾಯಕಾರಿಯಾಗಿ ಕಾಣುವುದು ಇದೇ: ಕಾಯಿಲೆ ಜಾಸ್ತಿಯಾಯಿತೆಂದು ಇನ್ನಷ್ಟು ಔಷಧಿ ಕೊಟ್ಟುಬಿಡುವ ಸಾಧ್ಯತೆ.

1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಅನೇಕರು ಹೀಗೆಯೇ ತೂರಾಡತೊಡಗಿದರು. ಯಾರೂ ಡೋಸ್ ಬದಲಿಸಿರಲಿಲ್ಲ. ಕ್ಯಾಪ್ಸೂಲ್ ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್ ಬಂದಿತ್ತು. ಅದೇ ಮಿಲಿಗ್ರಾಂ ಔಷಧಿ ಹೆಚ್ಚಾಗಿ ರಕ್ತ ಸೇರುತ್ತಿತ್ತು. ವೈದ್ಯರು ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಸುಮ್ಮನೆ ಬದಲಿಸಬೇಡಿ ಎನ್ನುವುದಕ್ಕೆ ಇಂಥ ಕಾರಣಗಳಿವೆ.

ಸಿರಪ್‌ನಲ್ಲಿ ತೊಡಕು ಇನ್ನೂ ಹೆಚ್ಚು. ಫೆನಿಟಾಯಿನ್ ದ್ರವದಲ್ಲಿ ಪೂರ್ತಿ ಕರಗುವುದಿಲ್ಲ, ತಳಕ್ಕಿಳಿಯುತ್ತದೆ. ಚೆನ್ನಾಗಿ ಕುಲುಕದಿದ್ದರೆ ಹೊಸ ಬಾಟಲಿಯ ಮೊದಲ ಡೋಸ್‌ಗಳು ಸಪ್ಪೆ, ಫಿಟ್ಸ್ ನಿಲ್ಲುವುದಿಲ್ಲ. ತಳದ ಡೋಸ್‌ಗಳು ಗಟ್ಟಿ, ಮಗು ಮಂಕಾಗುತ್ತದೆ. ಅಮ್ಮ ಕೊಟ್ಟದ್ದು ಪ್ರತಿದಿನವೂ ಅಷ್ಟೇ ಎಂಎಲ್. ಜೊತೆಗೆ ಇದೇ ಸಿರಪ್ 5 ಎಂಎಲ್‌ಗೆ 30 ಮಿಲಿಗ್ರಾಂ, 125 ಮಿಲಿಗ್ರಾಂ ಹೀಗೆ ಎರಡು ಬಲದಲ್ಲಿ ತಯಾರಾಗಿದೆ. ಚೀಟಿಯಲ್ಲಿ ‘5 ಎಂಎಲ್’ ಎಂದಷ್ಟೇ ಬರೆದು, ಅಂಗಡಿಯಲ್ಲಿ 30ರ ಬದಲು 125ರ ಬಾಟಲಿ ಕೊಟ್ಟರೆ ಡೋಸ್ ನಾಲ್ಕು ಪಟ್ಟು ದಾಟುತ್ತದೆ. ಇದು ತಾಯಿಯ ತಪ್ಪು ಹೇಗಾದೀತು?

ಹೊಸ ಔಷಧಿಗಳಿಂದ ಅಪಾಯ ಇಳಿದಿದೆ, ಅಳತೆಯ ಸಮಸ್ಯೆ ಉಳಿದಿದೆ. ಲೆವೆಟಿರಸಿಟಾಮ್ ಹೆಚ್ಚಾದರೂ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೂ 2016ರಲ್ಲಿ ಯುರೋಪಿನ ಔಷಧ ಸಂಸ್ಥೆ ಎಚ್ಚರಿಕೆ ಕೊಡಬೇಕಾಯಿತು: 1 ಎಂಎಲ್ ಮತ್ತು 10 ಎಂಎಲ್ ಸಿರಿಂಜ್ ಅದಲುಬದಲಾಗಿ ಮಕ್ಕಳಿಗೆ ಹತ್ತು ಪಟ್ಟು ಹೋದ ಪ್ರಕರಣಗಳಿದ್ದವು. ಬಾಟಲಿ ಜೊತೆ ಬಂದ ಸಿರಿಂಜನ್ನೇ ಬಳಸಿ ಎಂದು ಅದು ಹೇಳಿತು. ಅಡುಗೆಮನೆಯ ಚಮಚ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲೇ ಹೇಳಿತ್ತು.

ಹೆಚ್ಚಾಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಆಸ್ಪತ್ರೆಗೆ ಓಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಮಗು ಆಟವಾಡುತ್ತಿದೆ ಎಂದು ಕಾಯಬೇಡಿ; ಕಾರ್ಬಮಝೆಪೈನ್ ಎಂಬ ಫಿಟ್ಸ್ ಔಷಧಿ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ಗಂಟೆಗಳ ನಂತರವೂ ಮಗು ಪ್ರಜ್ಞೆ ತಪ್ಪಬಹುದು. ವಾಲ್ಪ್ರೋಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧಿಯಾದರೆ ವೈದ್ಯರು ರಕ್ತದ ಅಮೋನಿಯಾ ನೋಡುತ್ತಾರೆ, ಬೇಕಿದ್ದರೆ ಕಾರ್ನಿಟೈನ್ ಎಂಬ ಮದ್ದು ಕೊಡುತ್ತಾರೆ. ಮುಂದಿನ ಡೋಸ್ ಯಾವಾಗ ಎಂಬುದನ್ನೂ ಅವರನ್ನೇ ಕೇಳಿ. ಹೆದರಿ ಔಷಧಿಯನ್ನು ಪೂರ್ತಿ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಬರಬಹುದು. ಹೋಗುವಾಗ ಬಾಟಲಿ, ಸಿರಿಂಜ್, ಚೀಟಿ ಮೂರನ್ನೂ ಕೈಯಲ್ಲಿಟ್ಟುಕೊಳ್ಳಿ. ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಗಿದೆ ಎಂಬ ಲೆಕ್ಕ ಅವುಗಳಿಂದಲೇ ಸಿಗುವುದು.